ಮಡಕೆ ಯಾರದು ಎಂದು ಮೊದಲು ಕೇಳಿ: ಮಾಯಾ ಚಿತ್ರಗಳನ್ನು ಓದುವ ಬಗೆ

ಮಧ್ಯ ಅಮೆರಿಕದ ಪ್ರಾಚೀನ ಮಾಯಾ ಜನರ ಮಡಕೆಯ ಚಿತ್ರವೊಂದನ್ನು ಮೇಜಿನ ಮೇಲೆ ಹರಡಿದ ಕೂಡಲೇ ನನ್ನ ಭಾನುವಾರದ ತರಗತಿಯಲ್ಲಿ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: "ಟೀಚರ್, ಈ ಮೊಲಕ್ಕೆ ಏನು ಅರ್ಥ?" ಮೊಲ ಇಲ್ಲದಿದ್ದರೆ ಗೂಬೆ, ಗೂಬೆ ಇಲ್ಲದಿದ್ದರೆ ತಲೆಬುರುಡೆ. ಆ ಪ್ರಶ್ನೆಯನ್ನು ಸದ್ಯಕ್ಕೆ ಬದಿಗಿಡಿ ಎನ್ನುತ್ತೇನೆ. ಮಡಕೆ ಯಾರದು, ಅದರಲ್ಲಿ ಏನು ತುಂಬಿಸುತ್ತಿದ್ದರು, ಯಾರು ಯಾರಿಗೆ ಕೊಟ್ಟರು, ಕೊನೆಗೆ ಯಾರ ಪಕ್ಕದಲ್ಲಿ ಹೂತರು ಎಂಬುದನ್ನು ವಿಚಾರಿಸದೆ ಮೊಲದ ಅರ್ಥ ಹೇಳಹೊರಟರೆ ಅದು ನಾವೇ ಸಾಕಿದ ಮೊಲವಾಗುತ್ತದೆ.

ನಾನು ಪೆರ್ಡೂರು ಕಡೆಯ ಕುಲಾಲರ ಮನೆಯವಳು. ಅಪ್ಪ ತಿಗರಿಯಲ್ಲಿ ಮಡಕೆ ಮಾಡುತ್ತಿದ್ದರು. ನಾನು ಮಂಗಳೂರಿನ ಪ್ರೌಢಶಾಲೆಯೊಂದರಲ್ಲಿ ಚಿತ್ರಕಲೆ ಕಲಿಸಿ ನಿವೃತ್ತಳಾದೆ. ಯಾವ ಮಡಕೆ ಕಂಡರೂ ಚಿತ್ರಕ್ಕಿಂತ ಮೊದಲು ಅದರ ಬುಡ ನೋಡುವ ಅಭ್ಯಾಸ ಮನೆಯಿಂದ ಬಂದದ್ದು. ಇಲ್ಲಿ ಹೇಳುವ ಕ್ರಮವೂ ಅದೇ: ಮೊದಲು ಬುಡ, ಆಮೇಲೆ ಬಾಯಿ, ಕೊನೆಗೆ ಹೊಟ್ಟೆ.

ಮಾಯಾ ಜನ ಬಾಳಿದ ಮೆಸೊಅಮೆರಿಕ ಎಂದರೆ ನಡು ಮೆಕ್ಸಿಕೋದಿಂದ ಗ್ವಾಟೆಮಾಲ, ಬೆಲೀಜ್ ಹಾದು ಹೊಂಡುರಾಸ್, ಎಲ್ ಸಾಲ್ವಡಾರ್‌ಗಳವರೆಗೆ ಹರಡಿದ ಪ್ರದೇಶ. ಸ್ಪೇನಿನವರು ಬರುವುದಕ್ಕೆ ಮೊದಲು ಅಲ್ಲಿ ಮೂರು ಸಾವಿರ ವರ್ಷಕ್ಕೂ ಹೆಚ್ಚು ಕಾಲ ಬೇರೆ ಬೇರೆ ಜನ ಮಡಕೆ ಮಾಡಿದ್ದಾರೆ. ಎಲ್ಲವನ್ನೂ ಒಂದೇ ಪಾಠದಲ್ಲಿ ಓದಲಾಗದು. ಹೊಸಬರು ಕ್ರಿ.ಶ. 600ರಿಂದ 900ರ ನಡುವಿನ ಮಾಯಾ ಬಣ್ಣದ ಮಡಕೆಗಳಿಂದ ಶುರುಮಾಡುವುದು ಒಳ್ಳೆಯದು. ಅವುಗಳ ಮೇಲೆ ಚಿತ್ರದ ಜೊತೆಗೆ ಬರಹವೂ ಇದೆ. ನಾವು ಊಹಿಸಿದ್ದು ಸರಿಯೋ ತಪ್ಪೋ ಎಂದು ಕೆಲವು ಕಡೆ ಮಡಕೆಯೇ ಹೇಳುತ್ತದೆ.

ಚಿತ್ರ ಹುಡುಕುವುದು, ಡಬ್ಬಕ್ಕೆ ಸುತ್ತುವುದು

ಮಂಗಳೂರಿನಲ್ಲಿ ಕುಳಿತವರಿಗೆ ನಿಜವಾದ ಮಾಯಾ ಮಡಕೆ ಕೈಗೆ ಸಿಗುವುದಿಲ್ಲ. ಸಿಗುವುದು ಜಸ್ಟಿನ್ ಕೆರ್ ಎಂಬ ಅಮೆರಿಕದ ಛಾಯಾಗ್ರಾಹಕ ತೆಗೆದ ಚಿತ್ರಗಳು. 1970ರ ದಶಕದಲ್ಲಿ ಅವರು ಒಂದು ಉಪಾಯ ಮಾಡಿದರು. ತಿರುಗುವ ತಟ್ಟೆಯ ಮೇಲೆ ಮಡಕೆ ಇಟ್ಟು, ಅದು ತಿರುಗುವ ವೇಗಕ್ಕೆ ಸರಿಯಾಗಿ ಕ್ಯಾಮೆರಾದೊಳಗಿನ ಫಿಲ್ಮ್ ಸರಿಯುವಂತೆ ಮಾಡಿ, ಸುತ್ತಲಿನ ಚಿತ್ರವನ್ನೆಲ್ಲ ಒಂದೇ ಉದ್ದ ಪಟ್ಟಿಯಾಗಿ ಬಿಡಿಸಿದರು. ಮಾಯಾ ಕುಂಬಾರರಿಗೆ ತಿಗರಿ ಇರಲಿಲ್ಲ. ಮಣ್ಣಿನ ಹುರಿಯನ್ನು ಸುತ್ತಿ ಸುತ್ತಿ ಏರಿಸಿ ಕೈಯಿಂದಲೇ ನಯ ಮಾಡುತ್ತಿದ್ದರು. ಹಾಗೆ ಹುಟ್ಟಿದ ಮಡಕೆ ಸಾವಿರ ವರ್ಷ ಕಳೆದು ಕ್ಯಾಮೆರಾದ ಮುಂದೆ ಗರಗರ ತಿರುಗಿತು ಎಂಬುದು ನಮ್ಮ ಮನೆಯವರಿಗೆ ತುಂಬ ಹಿಡಿಸಿದ ಸಂಗತಿ.

ಕೆರ್ ಸಂಗ್ರಹದ ಪ್ರತಿ ಮಡಕೆಗೂ 'ಕೆ' ಅಕ್ಷರದಿಂದ ಶುರುವಾಗುವ ಒಂದು ಸಂಖ್ಯೆ ಇದೆ. ಆ ಸಂಖ್ಯೆ ಹಾಕಿ ಅಂತರಜಾಲದಲ್ಲಿ ಹುಡುಕಿದರೆ ಚಿತ್ರ ಸಿಗುತ್ತದೆ. ಈಗ ಆ ಸಂಗ್ರಹವನ್ನು ವಾಷಿಂಗ್ಟನ್‌ನ ಡಂಬಾರ್ಟನ್ ಓಕ್ಸ್ ಸಂಸ್ಥೆ ಕಾಪಾಡುತ್ತಿದೆ.

ಮೊಬೈಲ್ ಪರದೆಯಲ್ಲಿ ಬೆರಳಾಡಿಸುತ್ತ ಓದಬೇಡಿ. ಹಂಪನಕಟ್ಟೆಯ ಯಾವುದಾದರೂ ಜೆರಾಕ್ಸ್ ಅಂಗಡಿಯಲ್ಲಿ ಎ3 ಹಾಳೆಗೆ ಬಣ್ಣದ ಪ್ರಿಂಟ್ ತೆಗೆಸಿ, ದೊಡ್ಡ ಹಾಲಿನಪುಡಿ ಡಬ್ಬಕ್ಕೆ ಸುತ್ತಿ, ಅಂಟುಪಟ್ಟಿ ಹಾಕಿ. ಇದು ಮಕ್ಕಳ ಆಟ ಎಂದು ಕೆಲವು ದೊಡ್ಡವರು ನಕ್ಕಿದ್ದಾರೆ. ಆದರೆ ಹಾಳೆಯಲ್ಲಿ ಹರಡಿದ ಚಿತ್ರವನ್ನು ಮಾಯಾ ಅರಮನೆಯಲ್ಲಿ ಯಾರೂ ನೋಡಿರಲಿಲ್ಲ. ಡಬ್ಬವನ್ನು ಕೈಯಲ್ಲಿ ಹಿಡಿದಾಗ ನಿಮಗೆ ಸಿಂಹಾಸನದಲ್ಲಿ ಕುಳಿತವನು ಕಾಣುತ್ತಾನೆ. ಎದುರಿಗೆ ಕುಳಿತವರಿಗೆ ಕೈ ಕಟ್ಟಿ ಮಂಡಿಯೂರಿದವನು ಕಾಣುತ್ತಾನೆ. ಔತಣದಲ್ಲಿ ಪಾತ್ರೆ ಕೈಯಿಂದ ಕೈಗೆ ಹೋಗುವಾಗ ಯಾರಿಗೆ ಯಾವ ಬದಿ ಕಂಡೀತು ಎಂಬುದು ಡಬ್ಬ ತಿರುಗಿಸಿದರೇ ಹೊಳೆಯುತ್ತದೆ.

ಬುಡ

ಮೊದಲು ಆಕಾರ ನೋಡಿ. ಉದ್ದಕ್ಕೆ ನೆಟ್ಟಗೆ ನಿಂತ, ಹಿಡಿಯಿಲ್ಲದ ಕೊಳವೆಯಂಥ ಪಾತ್ರೆಯಾದರೆ ಅದು ಕುಡಿಯುವುದಕ್ಕೆ. ಅಗಲವಾದ ತಟ್ಟೆ, ಕೆಲವೊಮ್ಮೆ ಮೂರು ಕಾಲುಗಳಿರುವಂಥದ್ದು, ತಮಾಲೆ ಬಡಿಸುವುದಕ್ಕೆ. ಮೆಕ್ಕೆಜೋಳದ ಹಿಟ್ಟನ್ನು ಎಲೆಯಲ್ಲಿ ಕಟ್ಟಿ ಹಬೆಯಲ್ಲಿ ಬೇಯಿಸಿದ ತಿನಿಸು ಅದು. ಇವೆರಡೂ ಒಲೆಯ ಮೇಲೆ ಕುಳಿತ ಪಾತ್ರೆಗಳಲ್ಲ. ಒಲೆಗೆ ಇಡುವ ಮಡಕೆಗಳು ಬೇರೆ, ಅವುಗಳಿಗೆ ಇಂಥ ಚಿತ್ರವಿಲ್ಲ. ಚಿತ್ರವಿರುವುದು ಹತ್ತು ಜನರ ಮುಂದೆ ಇಡುವ ಪಾತ್ರೆಗೆ. ಈ ಒಂದು ಅಂಶ ಮನಸ್ಸಿನಲ್ಲಿದ್ದರೆ ಅರ್ಧ ಕೆಲಸ ಮುಗಿದಂತೆ: ಚಿತ್ರ ಬರೆಸಿದ್ದು ಇನ್ನೊಬ್ಬರು ನೋಡಲಿ ಎಂದು.

ಬಣ್ಣದ ಬಗ್ಗೆ ಎರಡು ಮಾತು. ಇವು ಗ್ಲೇಜ್, ಅಂದರೆ ಗಾಜಿನಂಥ ಹೊಳಪಿನ ಲೇಪ, ಅಲ್ಲ. ಬೇರೆ ಬೇರೆ ಬಣ್ಣದ ಮಣ್ಣನ್ನು ನೀರಿನಲ್ಲಿ ಕದಡಿ, ಸೋಸಿ, ತೆಳುವಾಗಿ ಬಳಿದು, ಕಡಿಮೆ ಶಾಖದಲ್ಲಿ ಸುಟ್ಟದ್ದು. ಕೆನೆಬಣ್ಣ, ಕಿತ್ತಳೆ, ಕೆಂಪು, ಕಪ್ಪು ಹೆಚ್ಚು. ಸುಡುವ ಮೊದಲು ಈ ಲೇಪಗಳ ಬಣ್ಣ ಸುಟ್ಟ ಮೇಲಿನಂತೆ ಇರುವುದಿಲ್ಲ. ಬರೆಯುವವನು ಆವಿಗೆಯಿಂದ ಹೊರಬರುವ ಬಣ್ಣವನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ ಕುಂಚ ಎಳೆಯಬೇಕು. ಆ ಸಣ್ಣ ಸಣ್ಣ ಗೆರೆಗಳನ್ನು ನೋಡಿದಾಗ ಇದನ್ನು ನೆನಪಿಡಿ.

ಬಣ್ಣದ ಮಡಕೆ ಎಂದ ಕೂಡಲೇ ರಾಜನದ್ದು ಎಂದು ತೀರ್ಮಾನಿಸಬೇಡಿ. ಎಲ್ ಸಾಲ್ವಡಾರ್‌ನ ಹೋಯಾ ದೆ ಸೆರೆನ್ ಎಂಬ ಹಳ್ಳಿ 7ನೇ ಶತಮಾನದ ಹೊತ್ತಿಗೆ ಜ್ವಾಲಾಮುಖಿಯ ಬೂದಿಯಡಿ ಹೂತುಹೋಯಿತು. ಜನ ಮನೆ ಬಿಟ್ಟು ಓಡಿದ್ದರಿಂದ ಪಾತ್ರೆಗಳೆಲ್ಲ ಇಟ್ಟಲ್ಲೇ ಉಳಿದವು. ಅಲ್ಲಿನ ಬೇಸಾಯಗಾರರ ಮನೆಗಳಲ್ಲೂ ಬಣ್ಣದ ಚಿತ್ರಗಳ ಪಾತ್ರೆಗಳು ಸಿಕ್ಕಿವೆ. ಅರಮನೆಯ ಮಡಕೆಯನ್ನು ಬೇರೆ ಮಾಡುವುದು ಬಣ್ಣವಲ್ಲ. ಅದಕ್ಕೆ ಬಾಯಿಯ ಅಂಚನ್ನು ನೋಡಬೇಕು.

ಬಾಯಿ

ಪಾತ್ರೆಯ ಬಾಯಂಚಿನ ಕೆಳಗೆ ಚೌಕ ಚೌಕವಾದ ಅಕ್ಷರಚಿತ್ರಗಳ ಒಂದು ಸಾಲು ಸುತ್ತಲೂ ಹರಿದಿರುತ್ತದೆ. 1973ರಲ್ಲಿ ಮೈಕಲ್ ಕೋ ಎಂಬ ವಿದ್ವಾಂಸರು ಒಂದು ವಿಷಯ ಗಮನಿಸಿದರು: ಹಲವು ಮಡಕೆಗಳಲ್ಲಿ ಒಂದೇ ಬಗೆಯ ಚಿಹ್ನೆಗಳು ಒಂದೇ ಅನುಕ್ರಮದಲ್ಲಿ ಬರುತ್ತವೆ. ಗೋರಿಗಳಲ್ಲಿ ಸಿಗುವ ಪಾತ್ರೆಗಳಾದ್ದರಿಂದ ಅದು ಪರಲೋಕಕ್ಕೆ ಸಂಬಂಧಿಸಿದ ಮಂತ್ರವಿರಬಹುದು ಎಂದು ಅವರು ಊಹಿಸಿದರು. ಮುಂದಿನ ದಶಕಗಳಲ್ಲಿ ಡೇವಿಡ್ ಸ್ಟುವರ್ಟ್, ಸ್ಟೀಫನ್ ಹೂಸ್ಟನ್, ಬಾರ್ಬರಾ ಮೆಕ್‌ಲೌಡ್, ನಿಕೊಲಾಯ್ ಗ್ರೂಬೆ ಮುಂತಾದವರು ಓದಿದಾಗ ಹೊರಬಂದದ್ದು ಮಂತ್ರವಲ್ಲ, ಒಡೆತನದ ಒಕ್ಕಣೆ. ಇದು ಇಂಥವರ ಪಾತ್ರೆ, ಇದಕ್ಕೆ ಹೀಗೆ ಚಿತ್ರ ಬರೆದಿದೆ, ಇದು ಕಕಾವ್ ಎಂಬ ಪಾನೀಯ ಕುಡಿಯುವುದಕ್ಕೆ, ಒಡೆಯ ಇಂಥ ಊರಿನ ದೊರೆ. ಮದುವೆಗೆ ಉಡುಗೊರೆ ಬಂದ ಸ್ಟೀಲ್ ಪಾತ್ರೆಗಳ ಅಂಚನ್ನು ಓದುತ್ತ ಬೆಳೆದ ನಮ್ಮ ಹೆಂಗಸರಿಗೆ ಇದರಲ್ಲಿ ಅಚ್ಚರಿಯೇನೂ ಇರಲಾರದು.

ಲಿಪಿ ಕಲಿಯಲು ವರ್ಷಗಳು ಬೇಕು. ಆದರೆ ಒಂದು ಚಿಹ್ನೆಯನ್ನು ಮಾತ್ರ ಯಾರು ಬೇಕಾದರೂ ಹುಡುಕಬಹುದು: ಮೀನು. ಸಾಲಿನ ನಡುವೆಯೋ ಕೊನೆಯ ಕಡೆಗೋ ಒಂದು ಮೀನಿನ ಆಕೃತಿ, ಅಥವಾ ಮೀನಿನ ರೆಕ್ಕೆಯಷ್ಟೇ ಉಳಿದು ಬಾಚಣಿಗೆಯಂತಾದ ಗುರುತು ಇರುತ್ತದೆ. ಅದು 'ಕ' ಎಂಬ ಉಚ್ಚಾರಣೆ. ಅದರ ಪಕ್ಕದಲ್ಲಿ ಎರಡು ಚುಕ್ಕೆಗಳಿದ್ದರೆ ಎರಡು ಸಲ ಹೇಳಿ ಎಂದರ್ಥ. ಕೊನೆಗೆ 'ವ'. ಕಕಾವ್, ಅಂದರೆ ನಾವು ಕೊಕ್ಕೋ ಎನ್ನುವುದು. ಮೊದಲ ತರಗತಿಯಲ್ಲೇ ಈ ಮೀನನ್ನು ಹಿಡಿದವರು ಮತ್ತೆ ಬಿಡುವುದಿಲ್ಲ. ಪ್ರತಿ ಮಡಕೆಯಲ್ಲೂ ಅದನ್ನೇ ಹುಡುಕುತ್ತಾರೆ.

ಇದು ಬರೀ ಊಹೆಯಲ್ಲ ಎಂಬುದಕ್ಕೆ ಗ್ವಾಟೆಮಾಲದ ರಿಯೋ ಅಸೂಲ್ ಎಂಬಲ್ಲಿ 1984ರಲ್ಲಿ ಗೋರಿಯೊಂದರಲ್ಲಿ ಸಿಕ್ಕ ಮಡಕೆ ಸಾಕ್ಷಿ. ತಿರುಗಿಸಿ ಬಿಗಿಮಾಡುವ ಮುಚ್ಚಳವಿರುವ ಅಪರೂಪದ ಪಾತ್ರೆ ಅದು. ಅದರ ಮೇಲೆ ಕಕಾವ್ ಎಂದು ಬರೆದಿದೆ ಎಂದು ಸ್ಟುವರ್ಟ್ ಓದಿದರು. ಒಳಗೆ ಅಂಟಿದ್ದ ಪುಡಿಯನ್ನು ಹರ್ಷಿ ಚಾಕೊಲೇಟ್ ಕಂಪನಿಯ ಪ್ರಯೋಗಾಲಯದಲ್ಲಿ ಪರೀಕ್ಷಿಸಿದಾಗ ಕೊಕ್ಕೋದಲ್ಲಿರುವ ಥಿಯೊಬ್ರೊಮಿನ್ ಮತ್ತು ಕೆಫೀನ್ ಎರಡೂ ಸಿಕ್ಕವು.

ಪುತ್ತೂರು, ಸುಳ್ಯ ಕಡೆಯಿಂದ ಬರುವ ವಿದ್ಯಾರ್ಥಿಗಳಿಗೆ ಇಲ್ಲಿ ಒಂದು ಅನುಕೂಲವಿದೆ. ಅಡಿಕೆ ತೋಟದ ನಡುವೆ ಕೊಕ್ಕೋ ಗಿಡ ನೋಡಿಯೇ ಬೆಳೆದವರು ಅವರು. ಪುತ್ತೂರಿನಲ್ಲಿ ಕ್ಯಾಂಪ್ಕೋ ಚಾಕೊಲೇಟ್ ಕಾರ್ಖಾನೆ 1986ರಿಂದ ಇದೆ. ಕೆಲವು ಮಾಯಾ ಚಿತ್ರಗಳಲ್ಲಿ ಮರದ ಕಾಂಡಕ್ಕೇ ಏಣೇಣಾದ ಕಾಯಿಗಳು ಅಂಟಿಕೊಂಡಿರುತ್ತವೆ. ಪೇಟೆಯ ಮಕ್ಕಳು ಪಪ್ಪಾಯಿ ಎನ್ನುತ್ತಾರೆ. ಸುಳ್ಯದವರು ಕತ್ತೆತ್ತದೆ "ಕೊಕ್ಕೋ" ಎನ್ನುತ್ತಾರೆ. ಆದರೆ ಆ ಪಾನೀಯ ನಮ್ಮ ಚಾಕೊಲೇಟ್‌ನಂತಲ್ಲ: ಹಾಲಿಲ್ಲ, ಸಕ್ಕರೆಯಿಲ್ಲ, ಹುರಿದು ಅರೆದ ಬೀಜಕ್ಕೆ ನೀರು, ಒಮ್ಮೊಮ್ಮೆ ಮೆಕ್ಕೆಜೋಳ, ಮೆಣಸಿನಕಾಯಿ. ಮೇಲೆ ನೊರೆ ನಿಂತರೆ ಅದಕ್ಕೆ ಮರ್ಯಾದೆ. ಬೀಜವಂತೂ ದುಡ್ಡಿನಂತೆ ನಡೆಯುತ್ತಿದ್ದ ಪದಾರ್ಥ. ಅದನ್ನು ಅರೆದು ಕುಡಿಯುವುದೇ ಸಿರಿವಂತಿಕೆಯ ಪ್ರದರ್ಶನ.

ಬಾಯಂಚಿನ ಸಾಲಿನಲ್ಲಿ ಇನ್ನೂ ಒಂದು ವಿಷಯ ಪರೀಕ್ಷಿಸಿ. ಒಂದೇ ಚಿಹ್ನೆ ಮತ್ತೆ ಮತ್ತೆ ಬರುತ್ತಿದೆಯೇ? ಹೊಂಡುರಾಸ್‌ನ ಕೊಪಾನ್ ಸುತ್ತಮುತ್ತಲಿನ ಎಷ್ಟೋ ಮಡಕೆಗಳಲ್ಲಿ ಅಕ್ಷರದಂತೆ ಕಾಣುವ, ಆದರೆ ಓದಲಾಗದ ಗುರುತುಗಳಿವೆ. ಇದನ್ನು ನಕಲಿ ಎಂದು ಕಡೆಗಣಿಸುವವರನ್ನು ನಾನು ಒಪ್ಪುವುದಿಲ್ಲ. ಓದು ಬಾರದವರ ಮನೆಗೂ ಬರಹದ ಅಂದ ಬೇಕಾಗಿತ್ತು, ಅಕ್ಷರವಿರುವ ಪಾತ್ರೆ ಎಂದರೆ ದೊಡ್ಡವರ ಪಾತ್ರೆ ಎಂದು ಎಲ್ಲರಿಗೂ ಗೊತ್ತಿತ್ತು. ಸಮಾಜದ ಬಗ್ಗೆ ತಿಳಿಯಬೇಕಾದರೆ ಓದಬಹುದಾದ ಮಡಕೆಯಷ್ಟೇ ಬೆಲೆ ಇದಕ್ಕೂ ಇದೆ.

ಹೊಟ್ಟೆ

ಈಗ ಚಿತ್ರಕ್ಕೆ ಬನ್ನಿ. ಇಲ್ಲೂ ಮೊದಲ ಪ್ರಶ್ನೆ ಯಾವ ದೇವರು, ಯಾವ ಕಥೆ ಎಂಬುದಲ್ಲ. ಪೆನ್ಸಿಲ್ ತೆಗೆದುಕೊಂಡು ಎಲ್ಲರ ತಲೆಯ ಎತ್ತರಕ್ಕೆ ಒಂದೊಂದು ಅಡ್ಡಗೆರೆ ಎಳೆಯಿರಿ. ಯಾರು ಪೀಠದ ಮೇಲೆ, ಯಾರು ನೆಲದ ಮೇಲೆ? ಪೀಠದವನ ಬೆನ್ನಿಗೆ ದಿಂಬು ಇದೆಯೇ, ಅದಕ್ಕೆ ಜಾಗ್ವಾರ್ (ಚಿರತೆಯಂಥ ಅಲ್ಲಿನ ಕಾಡುಪ್ರಾಣಿ) ಚರ್ಮದ ಚುಕ್ಕೆಗಳಿವೆಯೇ? ಉಳಿದವರ ಮುಖ ಯಾವ ಕಡೆಗಿದೆ? ಎಲ್ಲರ ನೋಟ ಸೇರುವ ಜಾಗದಲ್ಲಿ ಒಡೆಯ ಇರುತ್ತಾನೆ.

ಆಮೇಲೆ ಕೈಗಳು. ಒಂದು ತೋಳನ್ನು ಎದೆಗೆ ಅಡ್ಡಲಾಗಿ ತಂದು ಎದುರು ಭುಜವನ್ನು ಮುಟ್ಟಿದವನು ತಗ್ಗಿದವನು. ಕೈಗೆ ಹಗ್ಗ ಬಿಗಿದಿದ್ದರೆ, ಆಭರಣ ಕಿತ್ತುಹಾಕಿ ಕಿವಿಯ ತೂತಿಗೆ ಕಾಗದದ ಪಟ್ಟಿ ಸಿಕ್ಕಿಸಿದ್ದರೆ, ಅವನು ಸೆರೆಯಾಳು. ಮುಂಡಾಸಿನಲ್ಲಿ ಕುಂಚ ಸಿಕ್ಕಿಸಿಕೊಂಡವನು ಲಿಪಿಕಾರ. ದೊರೆಯ ಕಾಲ ಬಳಿ ಕನ್ನಡಿ ಹಿಡಿದ ಕುಬ್ಜನಿದ್ದರೆ ಅದು ಅರಮನೆಯ ಒಳಗಿನ ದೃಶ್ಯ. ಈ ಪಟ್ಟಿಯನ್ನು ಬಾಯಿಪಾಠ ಮಾಡುವ ಅಗತ್ಯವಿಲ್ಲ, ನಾಲ್ಕಾರು ಮಡಕೆ ನೋಡಿದರೆ ತಾನಾಗಿ ಬರುತ್ತದೆ.

ಕೆ 511 ಎಂಬ ಮಡಕೆಯಲ್ಲಿ ಇದನ್ನೆಲ್ಲ ಒಟ್ಟಿಗೆ ಅಭ್ಯಾಸ ಮಾಡಬಹುದು. ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ವಸ್ತುಸಂಗ್ರಹಾಲಯದಲ್ಲಿದೆ, ಒಂದು ಗೇಣಿನಷ್ಟೇ ಎತ್ತರ. ಕೆನೆಬಣ್ಣದ ಮೈ ಮೇಲೆ ಕಪ್ಪು-ಕಂದು ಗೆರೆಗಳು. ಕಂಬಗಳ ಅರಮನೆಯೊಳಗೆ ಹಲ್ಲುದುರಿದ ಮುದುಕ ದೇವರೊಬ್ಬ ಪೀಠದಲ್ಲಿ ಕುಳಿತಿದ್ದಾನೆ. ವಿದ್ವಾಂಸರು ಅವನನ್ನು ಇಂಗ್ಲಿಷಿನ L ಅಕ್ಷರದಿಂದ 'ಎಲ್ ದೇವರು' ಎನ್ನುತ್ತಾರೆ, ವ್ಯಾಪಾರಿಗಳ ದೇವರು. ಎದುರಿಗೆ ಮಂಡಿಯೂರಿದ ಹೆಣ್ಣಿನ ಮುಂಗೈಗೆ ಬಳೆಯಂಥದ್ದೇನನ್ನೋ ಕಟ್ಟುತ್ತಿದ್ದಾನೆ. ಸುತ್ತ ಇನ್ನೂ ಹೆಂಗಸರು. ಒಬ್ಬಳು ಉದ್ದ ಪಾತ್ರೆಯನ್ನು ಎತ್ತಿ ಹಿಡಿದು ಮೇಲಿನಿಂದ ಕಕಾವ್ ಸುರಿಯುತ್ತಿದ್ದಾಳೆ, ನೊರೆ ಬರಲೆಂದು. ಅವಳ ಕೈಯಲ್ಲಿರುವ ಪಾತ್ರೆ ಯಾವುದು ನೋಡಿ: ನೀವು ಡಬ್ಬಕ್ಕೆ ಸುತ್ತಿದಂಥದ್ದೇ. ಮಡಕೆ ತನ್ನ ಕೆಲಸವನ್ನು ತನ್ನ ಮೈಮೇಲೆಯೇ ಬರೆದುಕೊಂಡಿದೆ.

ಡಬ್ಬವನ್ನು ಸ್ವಲ್ಪ ತಿರುಗಿಸಿ. ಮುಖವಾಡ ತೊಟ್ಟ ಇಬ್ಬರು, ಕೈಯಲ್ಲಿ ಕೊಡಲಿ. ಬಟ್ಟೆ ಕಳಚಿ ಕಟ್ಟಿಹಾಕಿದ ಒಬ್ಬನ ತಲೆ ಕಡಿಯುತ್ತಿದ್ದಾರೆ. ಅರಮನೆಯ ಹೆಂಗಸರಲ್ಲಿ ಒಬ್ಬಳು ಪಕ್ಕದವಳ ಪಾದ ತಟ್ಟಿ ಅತ್ತ ನೋಡು ಎಂಬಂತೆ ತಿರುಗಿದ್ದಾಳೆ. ಮುದುಕನಿಗೆ ಮಾತ್ರ ಪರಿವೆಯೇ ಇಲ್ಲ, ಅವನ ಲಕ್ಷ್ಯವೆಲ್ಲ ಬಳೆಯ ಮೇಲೆ. ಇಂಥ ನಗೆಯನ್ನು ಅಂಗೈಯಗಲದ ಜಾಗದಲ್ಲಿ ಬರೆದವನ ಮೇಲೆ ನನಗೆ ಹೊಟ್ಟೆಕಿಚ್ಚಿದೆ.

ಪೀಠದ ಕೆಳಗೆ ಮೊಲ. ಕುಂಚ ಹಿಡಿದು, ಜಾಗ್ವಾರ್ ಚರ್ಮದ ಹೊದಿಕೆಯ ಮಡಿಕೆ ಪುಸ್ತಕದಲ್ಲಿ ಬರೆಯುತ್ತಿದೆ. ಈಗ ಅದನ್ನು ಕೇಳಬಹುದು, ಅದೂ ಮೊಲ ಎಂದಲ್ಲ, ಲಿಪಿಕಾರ ಎಂದು: ದೊರೆಯ ಪೀಠದ ಬುಡದಲ್ಲಿ ಕುಳಿತು ಬರೆಯುವವನಿಗೆ ಆ ಸಮಾಜ ಎಂಥ ಜಾಗ ಕೊಟ್ಟಿತ್ತು? ಇದೇ ಮೊಲ ಕೆ 1398ರಲ್ಲಿ ಅದೇ ಮುದುಕ ದೇವರ ಬಟ್ಟೆಬರೆ, ಟೋಪಿ ಕದ್ದಿದೆ. ಅವನು ಬೆತ್ತಲೆಯಾಗಿ ಸೂರ್ಯದೇವರ ಮುಂದೆ ದೂರು ಹೇಳುತ್ತಿದ್ದರೆ ಮೊಲ ಸೂರ್ಯನ ಕಾಲ ಹಿಂದೆಯೇ ಅಡಗಿದೆ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಮೊದಲ ಮಡಕೆಯ ಮೊಲ ಬರೀ ಗುಮಾಸ್ತನಾಗಿ ಉಳಿಯುವುದಿಲ್ಲ. ಔತಣಕ್ಕೆ ಬಂದವರಿಗೆ ಕಥೆ ಮೊದಲೇ ಗೊತ್ತಿದ್ದರೆ ಈ ಪಾತ್ರೆ ಕೈಗೆ ಬಂದಾಗ ನಕ್ಕಿರಲೇಬೇಕು.

ಬರೆದವನ ಸ್ಥಾನದ ಬಗ್ಗೆ ಊಹೆ ಬೇಡ, ಸಾಕ್ಷಿಯೇ ಇದೆ. ನರಾಂಹೋ ರಾಜ್ಯದ ಆಹ್ ಮಾಶಾಮ್ ಎಂಬ ಚಿತ್ರಕಾರ ತನ್ನ ಮಡಕೆಗೆ ಸಹಿ ಹಾಕಿದ್ದಾನೆ. ಅಲ್ಲಿ ಹೇಳಿರುವ ತಂದೆ ಆ ರಾಜ್ಯದ ದೊರೆಯೇ. ರಾಜಕುಮಾರ ಕುಂಚ ಹಿಡಿಯುತ್ತಿದ್ದ. ಆದರೆ ನಾನು ನೋಡಿದ ಯಾವ ಮಡಕೆಯಲ್ಲೂ ಮಣ್ಣು ತುಳಿದು, ಹುರಿ ಸುತ್ತಿ, ಸುಟ್ಟವರ ಹೆಸರಿಲ್ಲ. ಕುಲಾಲರ ಮನೆಯಲ್ಲಿ ಹುಟ್ಟಿದವಳಿಗೆ ಇದು ಕಣ್ಣಿಗೆ ಬೀಳದೆ ಇರುವುದಿಲ್ಲ. ವಿದ್ಯಾರ್ಥಿಗಳು ಟಿಪ್ಪಣಿಯಲ್ಲಿ 'ಕಲಾವಿದ' ಎಂದು ಬರೆದಾಗಲೆಲ್ಲ ಯಾರು, ಚಿತ್ರ ಬರೆದವನೋ ಮಡಕೆ ಮಾಡಿದವನೋ ಎಂದು ಕೆಂಪು ಶಾಯಿಯಲ್ಲಿ ಕೇಳುತ್ತೇನೆ.

ಇನ್ನೊಂದು ಬಗೆ ಕಪ್ಪಕಾಣಿಕೆಯ ಚಿತ್ರ. ಪೀಠದ ಮುಂದೆ ಬಿಳಿ ಬಟ್ಟೆಯ ಗಂಟು, ಕೆಟ್ಜಾಲ್ ಹಕ್ಕಿಯ ಉದ್ದ ಹಸಿರು ಗರಿ, ಸ್ಪಾಂಡಿಲಸ್ ಎಂಬ ಕೆಂಪು ಮುಳ್ಳುಚಿಪ್ಪು, ಬೀಜದ ಮೂಟೆ. ಇವು ಅಲಂಕಾರವಲ್ಲ, ಲೆಕ್ಕ. ಮೆಕ್ಸಿಕೋದ ಬೊನಾಂಪಾಕ್‌ನ ಗೋಡೆಚಿತ್ರದಲ್ಲಿ ಪೀಠದ ಬಳಿಯ ಮೂಟೆಯ ಮೇಲೆ ಐದು 'ಪಿ' ಕಕಾವ್ ಎಂದು ಬರೆದಿದೆ. ಒಂದು ಪಿ ಎಂದರೆ 8,000. ಒಟ್ಟು 40,000 ಬೀಜ. ಮಡಕೆಗಳ ಮೇಲೆ ಇಷ್ಟು ಖಚಿತವಾದ ಸಂಖ್ಯೆ ಸಿಗುವುದು ಕಡಿಮೆ, ಆದರೆ ಯಾರು ತಂದರು, ಯಾರು ತೆಗೆದುಕೊಂಡರು ಎಂಬುದು ಸ್ಪಷ್ಟವಾಗಿರುತ್ತದೆ. ಬ್ರಿಟಿಷ್ ಮ್ಯೂಸಿಯಂನಲ್ಲಿರುವ, ಗ್ವಾಟೆಮಾಲದ ನೆಬಾಹ್ ಎಂಬಲ್ಲಿ ಸಿಕ್ಕ ಫೆಂಟನ್ ಮಡಕೆಯಲ್ಲಂತೂ ಪ್ರತಿಯೊಬ್ಬನ ತಲೆಯ ಪಕ್ಕದಲ್ಲಿ ಚೌಕಟ್ಟು ಹಾಕಿ ಹೆಸರು ಬರೆದಿದೆ. ಕೊಟ್ಟವನ ಹೆಸರೂ ದಾಖಲೆಯಲ್ಲಿರಬೇಕು. ಇಲ್ಲವಾದರೆ ಕೊಟ್ಟದ್ದು ಯಾರಿಗೆ ನೆನಪಿರುತ್ತದೆ?

ಭೂತ ಎನ್ನುವ ಮೊದಲು

ಕೆಲವು ಮಡಕೆಗಳನ್ನು ತೋರಿಸಿದಾಗ ತರಗತಿಯಲ್ಲಿ ಸದ್ದಡಗುತ್ತದೆ. ಕುಣಿಯುವ ಅಸ್ಥಿಪಂಜರ, ಕೊರಳಿಗೆ ಕೆಂಪು ಶಾಲು ಕಟ್ಟಿ ನೆಗೆಯುವ ಜಾಗ್ವಾರ್, ಹಾವು ಸುತ್ತಿಕೊಂಡ ಜಿಂಕೆ. ನಮ್ಮ ಕಡೆಯವರ ಬಾಯಿಂದ ಬರುವ ಮೊದಲ ಶಬ್ದ ಭೂತ. ಇವುಗಳನ್ನು ಮಾಯಾ ಬರಹ 'ವಹ್ಯ್' ಎನ್ನುತ್ತದೆ. 1989ರಲ್ಲಿ ಹೂಸ್ಟನ್ ಮತ್ತು ಸ್ಟುವರ್ಟ್ ಆ ಚಿಹ್ನೆಯನ್ನು ಓದಿದರು. ಪ್ರತಿ ಆಕೃತಿಯ ಪಕ್ಕದಲ್ಲಿ ಮೊದಲು ಅದರ ಹೆಸರು, ಆಮೇಲೆ ಅದು ಯಾವ ರಾಜಮನೆತನಕ್ಕೆ ಸೇರಿದ ವಹ್ಯ್ ಎಂಬ ವಿವರ. ಒಂದೊಂದು ದೈವ ಒಂದೊಂದು ಗುತ್ತಿಗೋ ಬೀಡಿಗೋ ಸೇರಿರುವುದನ್ನು ಬಲ್ಲವರಿಗೆ ಈ ವಿವರದ ತೂಕ ಬೇಗ ತಿಳಿಯುತ್ತದೆ, ಅಷ್ಟರಮಟ್ಟಿಗೆ ಆ ಹೋಲಿಕೆ ಉಪಯೋಗಿ. ಅಲ್ಲಿಗೆ ನಿಲ್ಲಿಸಿ. ದೈವ ಊರನ್ನು ಕಾಯುತ್ತದೆ, ನ್ಯಾಯ ಹೇಳುತ್ತದೆ. ವಹ್ಯ್‌ಗಳ ಹೆಸರುಗಳಲ್ಲಿ ರೋಗ, ಸಾವು, ಬೆಂಕಿ ತುಂಬಿಕೊಂಡಿವೆ; ಬೇರೆಯವರ ಮೇಲೆ ಬಿಡುವ ಮಾಟದ ಶಕ್ತಿಗಳಂತೆ ಇವು ಕಾಣುತ್ತವೆ ಎಂದು ಈಗ ಹೆಚ್ಚಿನ ವಿದ್ವಾಂಸರು ಹೇಳುತ್ತಾರೆ. ಎದುರಾಳಿ ಮನೆತನಗಳ ವಹ್ಯ್‌ಗಳನ್ನು ಒಂದೇ ಪಾತ್ರೆಯ ಸುತ್ತ ನಿಲ್ಲಿಸಿ ಅದರಲ್ಲಿ ಕಕಾವ್ ಕೊಡುವುದರಲ್ಲಿ ಎಷ್ಟು ರಾಜಕೀಯವಿದ್ದೀತು ಎಂದು ಯೋಚಿಸಿ ನೋಡಿ. ಗ್ವಾಟೆಮಾಲದ ಆಲ್ತಾರ್ ದೆ ಸಾಕ್ರಿಫಿಸಿಯೋಸ್ ಎಂಬಲ್ಲಿನ 754ರ ಮಡಕೆ ಈ ಬಗೆಯ ಹೆಸರಾಂತ ಉದಾಹರಣೆ, ಉತ್ಖನನದಲ್ಲೇ ಸಿಕ್ಕಿದ್ದು.

ಪೊಪೋಲ್ ವೂಹ್ ಎಂಬ ಮಾಯಾ ಪುರಾಣಗ್ರಂಥ ಓದಿಕೊಂಡು ಬರುವವರಿಗೂ ಇದೇ ಎಚ್ಚರಿಕೆ. ಅವಳಿ ವೀರರು ಪಾತಾಳದ ಒಡೆಯರನ್ನು ಸೋಲಿಸುವ ಆ ಕಥೆ ಎಷ್ಟೋ ಮಡಕೆಗಳಿಗೆ ಬೆಳಕು ಕೊಡುತ್ತದೆ, ನಿಜ. ಬಾಸ್ಟನ್ ಮ್ಯೂಸಿಯಂನ ತಟ್ಟೆಯಲ್ಲಿ (ಕೆ 1892) ಬಿರಿದ ಆಮೆಚಿಪ್ಪಿನಿಂದ ಮೆಕ್ಕೆಜೋಳದ ದೇವರು ಮೇಲೇಳುವಾಗ ಅಕ್ಕಪಕ್ಕ ನಿಂತವರು ಆ ಅವಳಿಗಳೇ. ಆದರೆ ಆ ಗ್ರಂಥ ಬರಹಕ್ಕಿಳಿದದ್ದು 16ನೇ ಶತಮಾನದಲ್ಲಿ, ಮಡಕೆಗಳಿಗಿಂತ ಎಂಟು ನೂರು ವರ್ಷ ಆಚೆಗೆ, ಬೇರೆ ಊರಿನಲ್ಲಿ. ಪ್ರತಿ ಚಿತ್ರಕ್ಕೂ ಅದರಲ್ಲೇ ಪುಟ ಹುಡುಕಬೇಡಿ.

ಎಲ್ಲಿ ಸಿಕ್ಕಿತು

ನನ್ನ ಲೆಕ್ಕದಲ್ಲಿ ಅತಿ ಮುಖ್ಯವಾದ ಪ್ರಶ್ನೆ ಇದು, ಹೆಚ್ಚಿನವರು ಕೇಳದೆ ಬಿಡುವ ಪ್ರಶ್ನೆಯೂ ಇದೇ. ಬೆಲೀಜ್‌ನ ಬ್ವೇನವಿಸ್ತಾ ಎಂಬ ಸಣ್ಣ ಊರಿನ ಗೋರಿಯೊಂದರಲ್ಲಿ ಪುರಾತತ್ವಜ್ಞರಿಗೆ ಒಂದು ಚೆಂದದ ಪಾತ್ರೆ ಸಿಕ್ಕಿತು; ಜಾಂಸಿ ಮಡಕೆ ಎಂದು ಕರೆಯುತ್ತಾರೆ. ಕೆನೆಬಣ್ಣದ ಮೇಲೆ ಕೆಂಪು-ಕಿತ್ತಳೆಯಲ್ಲಿ, ಬೆನ್ನಿಗೆ ದೊಡ್ಡ ಗರಿಗಳ ಚೌಕಟ್ಟು ಹೊತ್ತು ಕುಣಿಯುವ ಮೆಕ್ಕೆಜೋಳದ ದೇವರು. ಬರೀ ಚಿತ್ರ ನೋಡಿದರೆ ಬೆಳೆ, ಫಲವತ್ತತೆ, ಮರುಹುಟ್ಟು ಎಂದು ಒಂದು ಪುಟ ಬರೆಯಬಹುದು. ಬಾಯಂಚು ಓದಿದರೆ ಒಡೆಯನ ಹೆಸರು ಸಿಗುತ್ತದೆ: ಕಾಕ್ ತಿಲಿವ್ ಚಾನ್ ಚಾಕ್, ನರಾಂಹೋದ ದೊರೆ. 688ರಲ್ಲಿ ಹುಟ್ಟಿ 693ರಲ್ಲಿ ಐದು ವರ್ಷದ ಮಗುವಾಗಿದ್ದಾಗಲೇ ಪಟ್ಟಕ್ಕೆ ಬಂದವನು. ಅವನ ತಾಯಿ ದೋಸ್ ಪಿಲಾಸ್ ಎಂಬ ದೂರದ ರಾಜ್ಯದಿಂದ ಬಂದು ಆ ಮನೆತನವನ್ನು ಮತ್ತೆ ನಿಲ್ಲಿಸಿದವಳು.

ಅವನ ಹೆಸರಿನ ಪಾತ್ರೆ ಬ್ವೇನವಿಸ್ತಾದ ಗೋರಿಗೆ ಬಂದದ್ದು ಹೇಗೆ? ಅಲ್ಲಿನ ನಾಯಕನಿಗೆ ಉಡುಗೊರೆಯಾಗಿ ಬಂದಿರಬೇಕು ಎಂಬುದು ಉತ್ಖನನ ಮಾಡಿದವರ ವಿವರಣೆ. ಮನೆಗೆ ಬಂದವರ ಮುಂದೆ ಅದನ್ನು ಇಟ್ಟಾಗಲೆಲ್ಲ ತನ್ನ ಹಿಂದೆ ಯಾರಿದ್ದಾರೆ ಎಂದು ಆ ನಾಯಕ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ಅದೇ ದೇವರು ಅದೇ ಕುಣಿತದಲ್ಲಿ ನರಾಂಹೋ ಅರಮನೆಯ ಒಳಗೆ ಇದ್ದಾಗ ಮನೆತನದ ಹೆಮ್ಮೆ. ಬ್ವೇನವಿಸ್ತಾದಲ್ಲಿ ಮೈತ್ರಿಯ ಮುದ್ರೆ, ಜೊತೆಗೆ ಋಣ. ಚಿತ್ರ ಒಂದಿಷ್ಟೂ ಬದಲಾಗಿಲ್ಲ.

ಹಾಗಾಗಿ ವಸ್ತುಸಂಗ್ರಹಾಲಯದ ಟಿಪ್ಪಣಿಯಲ್ಲಿ ಉತ್ಖನನದ ಜಾಗ ಹೇಳಿದೆಯೇ ಎಂದು ನೋಡಿ. 'ಇಂಥವರಿಂದ ಖರೀದಿ', 'ಇಂಥವರ ದಾನ' ಎಂದಷ್ಟೇ ಇದ್ದರೆ ಗೋರಿ ಒಡೆದು ಕದ್ದ ಮಾಲು ಆಗಿರುವ ಸಾಧ್ಯತೆ ದೊಡ್ಡದು. ಹೆಸರಾದ ಮಾಯಾ ಮಡಕೆಗಳಲ್ಲಿ ಎಷ್ಟೋ ಹೀಗೆ ಬಂದವೇ, ಕೆ 511 ಕೂಡ ಉತ್ಖನನದಲ್ಲಿ ಸಿಕ್ಕಿದ್ದಲ್ಲ. ಇಂಥ ಸಾಗಾಟ ತಡೆಯಲೆಂದೇ 1970ರಲ್ಲಿ ಯುನೆಸ್ಕೋ ಒಪ್ಪಂದ ಆದದ್ದು. ಇನ್ನೊಂದು ತಾಪತ್ರಯ, ಒಡೆದ ಮಡಕೆಗೆ ವ್ಯಾಪಾರಿಗಳು ಬಣ್ಣ ತುಂಬಿಸಿ ಗೆರೆ ತಿದ್ದಿ ಮಾರುವುದು. ಬಾಯಂಚು ಸವೆದಿದ್ದು ಒಬ್ಬನ ಮುಖ ಮಾತ್ರ ನಿನ್ನೆ ಬರೆದಂತಿದ್ದರೆ ಆ ಮುಖದ ಮೇಲೆ ಯಾವ ವಾದವನ್ನೂ ಕಟ್ಟಬೇಡಿ.

ಬೇರೆ ಊರು, ಬೇರೆ ಕಾಲ

ಮಾಯಾ ಮಡಕೆಯಿಂದ ಕಲಿತದ್ದನ್ನು ಮೆಕ್ಸಿಕೋದ ಎಲ್ಲ ಮಡಕೆಗಳಿಗೂ ಅನ್ವಯಿಸಲಾಗದು. ಕಣ್ಣು ಸ್ವಲ್ಪ ಪಳಗಿದವರಿಗೆ ವಹಾಕಾ ಕಣಿವೆಯ ಉದಾಹರಣೆ ಕೊಡುತ್ತೇನೆ. ಸಾನ್ ಹೊಸೆ ಮೊಗೋತೆ ಎಂಬ ಹಳ್ಳಿ, ಕ್ರಿ.ಪೂ. 1150ರಿಂದ 850. ಬರಹ ಇಲ್ಲ, ದೊರೆಯ ಚಿತ್ರ ಇಲ್ಲ. ಬೂದುಬಣ್ಣದ ಬೋಗುಣಿಗಳ ಮೇಲೆ ಕೊರೆದ ಎರಡು ಬಗೆಯ ಗುರುತುಗಳು ಮಾತ್ರ: ಒಂದರಲ್ಲಿ ಜ್ವಾಲೆಯಂಥ ಹುಬ್ಬು, ಅದು ಆಕಾಶ, ಸಿಡಿಲು, ಇನ್ನೊಂದರಲ್ಲಿ ನಡುವೆ ಸೀಳಿದ ತಲೆ, ಅದು ಭೂಮಿ, ಭೂಕಂಪ. ಕೆಂಟ್ ಫ್ಲ್ಯಾನರಿ ಮತ್ತು ಜಾಯ್ಸ್ ಮಾರ್ಕಸ್ ಎಂಬ ಪುರಾತತ್ವಜ್ಞರು ಗಮನಿಸಿದ್ದು ಗುರುತಿನ ಅರ್ಥಕ್ಕಿಂತ ಅದು ಎಲ್ಲೆಲ್ಲಿ ಸಿಗುತ್ತದೆ ಎಂಬುದನ್ನು. ಒಂದು ಕೇರಿಯಲ್ಲಿ ಸಿಡಿಲು ಹೆಚ್ಚು, ಇನ್ನೊಂದರಲ್ಲಿ ಭೂಮಿ ಹೆಚ್ಚು. ಹಸುಗೂಸುಗಳ ಸಮಾಧಿಯಲ್ಲೂ ಇಂಥ ಬೋಗುಣಿ ಇದೆ. ಹಸುಗೂಸು ಏನನ್ನೂ ಸಾಧಿಸಿ ಗಳಿಸಿರಲು ಸಾಧ್ಯವಿಲ್ಲ. ಅಂದಮೇಲೆ ಆ ಗುರುತು ಹುಟ್ಟಿನಿಂದಲೇ ಬಂದದ್ದು, ಕುಲದ್ದು. ಒಂದೂ ಅಕ್ಷರವಿಲ್ಲದೆ ಇಷ್ಟು ಓದಿದ್ದನ್ನು ನೋಡಿದಾಗ ನನಗೆ ಮಾಯಾ ಲಿಪಿ ಓದಿದ್ದಕ್ಕಿಂತ ಇದೇ ದೊಡ್ಡ ಕೆಲಸ ಎನಿಸುತ್ತದೆ.

ನಡು ಮೆಕ್ಸಿಕೋದ ಪ್ರಾಚೀನ ತೇಓತಿವಾಕಾನ್ ನಗರದ ಮೂರು ಚಪ್ಪಟೆ ಕಾಲಿನ ಪಾತ್ರೆಗಳಲ್ಲಿ ಕಣ್ಣಿಗೆ ಬಳೆ ಹಾಕಿದಂತಿರುವ ಮಳೆದೇವರು ಬರುತ್ತಾನೆ, ಆದರೆ ಹೆಸರು ಹೇಳುವ ರಾಜರು ಬರುವುದಿಲ್ಲ. ಅದೇ ಆಕಾರದ ಪಾತ್ರೆ ಮಾಯಾ ಗೋರಿಯಲ್ಲಿ ಸಿಕ್ಕರೆ ಸತ್ತವನು ತೇಓತಿವಾಕಾನಿನವನು ಎನ್ನಬೇಡಿ. ಸ್ಥಳೀಯರು ಮಾಡಿಕೊಂಡ ಪ್ರತಿಗಳೂ ಇವೆ. ಪಶ್ಚಿಮ ಮೆಕ್ಸಿಕೋದ ಕೊಲಿಮಾದ ಗುಂಡು ಹೊಟ್ಟೆಯ ಮಣ್ಣಿನ ನಾಯಿಗಳನ್ನು ಸತ್ತವರಿಗೆ ದಾರಿ ತೋರಿಸುವ ನಾಯಿ ಎಂದು ವಿವರಿಸುವುದು ವಾಡಿಕೆ, ಆದರೆ ಆ ನಂಬಿಕೆ ದಾಖಲಾದದ್ದು ಸಾವಿರಕ್ಕೂ ಹೆಚ್ಚು ವರ್ಷಗಳ ಮೇಲೆ, ಆಸ್ಟೆಕರ ನಡುವೆ. ನಡು ಮೆಕ್ಸಿಕೋದ ಚೋಲುಲಾ ಊರಿನ ಪಾತ್ರೆಗಳ ವಿಷಯಕ್ಕೆ ಬಂದರೆ, ಆಸ್ಟೆಕ್ ಚಕ್ರವರ್ತಿ ಮೊಕ್ತೆಸೂಮಾನ ಊಟಕ್ಕೆ ಚೋಲುಲಾದ ಕೆಂಪು, ಕಪ್ಪು ಮಣ್ಣಿನ ತಟ್ಟೆಗಳನ್ನು ಬಳಸುತ್ತಿದ್ದರು ಎಂದು ಸ್ಪೇನಿನ ದಂಡನಾಯಕ ಕೊರ್ತೆಸನ ದಂಡಿನಲ್ಲಿದ್ದ ಬೆರ್ನಾಲ್ ದಿಯಾಸ್ ಬರೆದಿಟ್ಟಿದ್ದಾನೆ. ಚಕ್ರವರ್ತಿಯ ಊಟವೂ ಬೇರೆ ಊರಿನ ಮಣ್ಣಿನ ತಟ್ಟೆಯಲ್ಲಿ.

ಶುರುಮಾಡುವವರು ಕೆ 511, ಕೆ 1398, ಕೆ 1892 ಈ ಮೂರನ್ನು ಇದೇ ಅನುಕ್ರಮದಲ್ಲಿ ತೆಗೆದುಕೊಳ್ಳಿ. ಮೂರನೆಯದು ತಟ್ಟೆ, ಅದನ್ನು ಡಬ್ಬಕ್ಕೆ ಸುತ್ತಲು ಹೋಗಬೇಡಿ. ಪ್ರತಿ ಪ್ರಿಂಟಿನ ಹಿಂದೆ ಪೆನ್ಸಿಲಿನಲ್ಲಿ ಆಕಾರ, ಏನು ತುಂಬಿಸುವುದಕ್ಕೆ, ಮೀನು ಸಿಕ್ಕಿತೋ ಇಲ್ಲವೋ, ಯಾರು ಎತ್ತರದಲ್ಲಿದ್ದಾರೆ, ಏನೇನು ಕೈ ಬದಲಾಗುತ್ತಿದೆ, ಎಲ್ಲಿ ಸಿಕ್ಕಿತು ಎಂದು ಬರೆಯಿರಿ. ಕೊನೆಯದು ಹೆಚ್ಚಾಗಿ ಖಾಲಿ ಉಳಿಯುತ್ತದೆ. ಆ ಖಾಲಿ ಜಾಗಕ್ಕೂ ಒಂದು ಗೆರೆ ಎಳೆದಿಡಿ, ಮುಂದೆ ಎಂದಾದರೂ ತುಂಬಬಹುದು.